ಬೀಗರ ಮನೆಯ ಸರ್ವೀಸ್ ವೈರು

ವೈರಿಂಗ್ ಕೆಲಸಕ್ಕಿಳಿದ ಮೇಲೆ ಇಂಥ ಪೇಚಾಟ ನನಗೆ ತಪ್ಪಿದ್ದಲ್ಲ. ಕೋಲಾರದಲ್ಲಿ ಬೇರೆ ಯಾರದೋ ಮನೆಯಾದರೆ ಬೈದು ಬಂದುಬಿಡ್ತೀನಿ. ಸುಗಟೂರಿನ ಈ ಮನೆಗೆ ಮಗಳನ್ನು ಕೊಟ್ಟಿದ್ದೀನಿ. ಹೆಣ್ಣು ಕೊಟ್ಟವನು ಬೀಗರ ಮನೇಲಿ ಬಾಯಿ ಬಿಡೋದು ಊಟಕ್ಕೆ ಮಾತ್ರ.

೧. ಹೊಂದಾಣಿಕೆ

ಕೆಳಗೆ ಬೀಗರ ಬೇಕರಿ, ನಡುವೆ ಅವರ ಮನೆ, ಮೇಲೆ ನನ್ನ ಮಗಳು, ಅಳಿಯ, ಮೊಮ್ಮಗು. ಅಂತಸ್ತಿಗೊಂದು ಬೋರ್ಡು. ಮೂರಕ್ಕೂ ಕಂಬದಿಂದ ಬರೋದು ಒಂದೇ ವೈರು, ಅದೂ ಬರೀ ಕೆಳಗಿನ ಅಂತಸ್ತು ಇದ್ದಾಗ ಎಳೆದದ್ದು. ಮುಟ್ಟಿದರೆ ಕೈ ಸುಡ್ತಿತ್ತು.

"ಬೀಗರೇ, ಮೂರೂ ಬೋರ್ಡಿನ ಲೋಡು ಕೂಡಿಸಿ, ಅದಕ್ಕೆ ತಕ್ಕ ವೈರು ಹಾಕಿಸಿ."

"ಮೂರೂ ಕಡೆ ಒಟ್ಟಿಗೆ ಯಾಕೆ ಹಾಕ್ತೀವಿ? ನಮ್ಮದು ಹೊಂದಿಕೊಂಡು ಹೋಗೋ ಮನೆ!"

ಕೆಳಗೆ ಓವನ್, ನಡುವೆ ಮಿಕ್ಸಿ, ಮೇಲೆ ಗೀಸರ್ ಓಡ್ತಿದ್ದವು. ಮಿಕ್ಸಿ ಸದ್ದಿಗೆ ಬೀಗರು ಇದನ್ನು ಕೂಗಿ ಹೇಳಬೇಕಾಯ್ತು.

೨. ಬೀಳೋ ಕೆಲಸ

ಮೇನ್ ಎಂಸಿಬಿ ಸ್ವಿಚ್ಚು ಪದೇ ಪದೇ ಬಿದ್ದು ಕರೆಂಟ್ ಹೋಗುತ್ತೆ ಅಂತ ಬೀಗರೇ ದೊಡ್ಡದೊಂದು ತಂದು ಹಾಕಿಸಿಬಿಟ್ಟರು.

"ಅಯ್ಯೋ, ವೈರು ಸುಡೋ ಮುಂಚೆ ಬೀಳೋದೇ ಅದರ ಕೆಲಸ," ಅಂದೆ.

"ಬೀಳೋದೇ ಕೆಲಸ ಅನ್ನೋದನ್ನ ಮನೇಲಿ ಯಾಕೆ ಇಟ್ಕೋಬೇಕು ಬೀಗರೇ?"

ತಲೆ ಚಚ್ಚಿಕೊಂಡು ಮೊದಲಿನ ಸೈಜಿನದನ್ನೇ ಹಾಕಿ ಬಂದೆ.

೩. ದೃಷ್ಟಿ

ಮುಂದಿನ ಸಲ ಹೋದಾಗ ಎಂಸಿಬಿಯ ಗುಂಡಿಯನ್ನು ಮೇಲಕ್ಕೆತ್ತಿ ಕಪ್ಪು ದಾರದಲ್ಲಿ ಬಿಗಿದಿದ್ದರು. ಪಕ್ಕದಲ್ಲಿ ನಿಂಬೆಹಣ್ಣು.

"ಬೇಕರಿ ಚೆನ್ನಾಗಿ ನಡೀತಿದೆಯಲ್ಲ, ದೃಷ್ಟಿ ಆಗಿದೆ," ಅಂದರು ಬೀಗಿತ್ತಿ. "ಈಗ ಗುಂಡಿ ಮೇಲೇ ಇದೆ, ಕರೆಂಟ್ ಮಾತ್ರ ಇಲ್ಲ."

"ಕಟ್ಟಿದರೂ ಅದು ಒಳಗೇ ಬೀಳುತ್ತಮ್ಮ, ಹಾಗೇ ಮಾಡಿರೋದು."

"ನೋಡಿದ್ರಾ! ಹೊರಗೊಂದು, ಒಳಗೊಂದು. ನೀವು ಹಾಕಿದ್ದು ಡೂಪ್ಲಿಕೇಟ್ ಮಾಲು."

೪. ಊಟ

ಒಂದು ಮಧ್ಯಾಹ್ನ ಎಲೆ ಮುಂದೆ ಕೂತಿದ್ದೆ. ಮೆಟ್ಟಿಲ ಕಡೆಯಿಂದ ರಬ್ಬರ್ ಸುಟ್ಟ ವಾಸನೆ. ಮೇಲೆ ಮೊಮ್ಮಗು ಮಲಗಿತ್ತು. ಓಡಿಹೋಗಿ ಮೇನ್ ಆಫ್ ಮಾಡಿದೆ. ನೋಡಿದರೆ, ನನ್ನ 'ಡೂಪ್ಲಿಕೇಟ್' ತೆಗೆದು ಮತ್ತೆ ಆ ದೊಡ್ಡ ಎಂಸಿಬಿಯನ್ನೇ ಹಾಕಿಸಿದ್ದರು. ಎಲ್ಲಿತ್ತೋ ಧೈರ್ಯ, ಕೂಗೇಬಿಟ್ಟೆ: "ವೈರು ಬದಲಾಯಿಸೋ ತನಕ ಈ ಮನೇಲಿ ನೀರೂ ಮುಟ್ಟಲ್ಲ!"

ಹೆಣ್ಣಿನಪ್ಪ ಎಲೆ ಬಿಟ್ಟು ಎದ್ದ ಅಂದರೆ ಗಂಡಿನ ಕಡೆಯವರು ಸುಗಟೂರಲ್ಲಿ ತಲೆ ಎತ್ತಿ ತಿರುಗೋ ಹಾಗಿಲ್ಲ. ಬೀಗರು ತಾವೇ ಓಡಾಡಿ ಕರೆಂಟ್ ಆಫೀಸಿಂದ ಪರ್ಮಿಷನ್ ತಂದರು. ಮೂರೂ ಬೋರ್ಡಿನ ಲೋಡು ಕೂಡಿಸಿ, ದಪ್ಪ ಕೇಬಲ್, ಅದಕ್ಕೊಪ್ಪೋ ಎಂಸಿಬಿ, ಎಲ್ಲ ನಾನೇ ಹಾಕಿದೆ. ಆಮೇಲೆ ಹೋಳಿಗೆ ಊಟಕ್ಕೆ ಕರೆದರು.

"ಈಗ ಸಮಾಧಾನನಾ?" ಬೀಗರು ತುಪ್ಪ ಬಡಿಸಿದರು.

"ಇನ್ನು ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ ಬೀಗರೇ."

"ಅಷ್ಟು ದಪ್ಪ ಕೇಬಲ್ ನಮ್ಮೊಬ್ಬರಿಗೇ ಯಾಕೆ ಅನ್ನಿಸ್ತು. ಪಕ್ಕದಲ್ಲಿರೋ ನನ್ನ ತಮ್ಮನಿಗೂ ಅದರಿಂದಲೇ ಒಂದು ಲೈನ್ ಕೊಟ್ಟಿದ್ದೀನಿ. ಪಾಪ, ವೆಲ್ಡಿಂಗ್ ಶಾಪ್ ಇಟ್ಟಿದ್ದಾನೆ."