ಗ್ಯಾರೇಜಿನ ದೀಪ ಹತ್ತಿಸುವ ಅಧಿಕಾರ ಯಾರದೆಂಬ ಬಗ್ಗೆ

ಗೃಹ ಬೆಳಕು ಮತ್ತು ಕತ್ತಲೆ ಇಲಾಖೆ
(ಅಡುಗೆಮನೆ ಶಾಖೆ)

ಸಂಖ್ಯೆ: ಗೃ.ಬೆ.ಕ./ಗ್ಯಾರೇಜು/ನಿಸ್ತಂತು/ತಂಟೆ

ಸುತ್ತೋಲೆ

ವಿಷಯ: ಮನೆ ಮತ್ತು ಗ್ಯಾರೇಜಿಗೆ ತಂತಿಯಿಲ್ಲದ ದೀಪ ನಿಯಂತ್ರಣ ವ್ಯವಸ್ಥೆಯನ್ನು ಆಯ್ಕೆ ಮಾಡುವ ಕುರಿತು.

ಉಲ್ಲೇಖ: (ಅ) ದೊಡ್ಡ ಮಗನ ಮೌಖಿಕ ದೂರು.
(ಆ) ಚಿಕ್ಕ ಮಗನ ಮೌಖಿಕ ಪ್ರತಿದೂರು, ಹೆಚ್ಚು ಜೋರಾಗಿ.
(ಇ) ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡದ್ದು.

ಪೀಠಿಕೆ:

ಈ ಮನೆಗೂ ಗ್ಯಾರೇಜಿಗೂ ನಡುವೆ ಒಂದು ಅಂಗಳವಿದೆ. ಗ್ಯಾರೇಜಿನ ದೀಪದ ಸ್ವಿಚ್ಚು, ಮನೆ ಕಟ್ಟಿದವರಿಗೆ ಮಾತ್ರ ಗೊತ್ತಿರುವ ಕಾರಣಕ್ಕೆ, ಅಡುಗೆಮನೆಯಲ್ಲಿದೆ. ಸ್ವಿಚ್ಚಿನ ತಂತಿ ಅಂಗಳದ ಮಣ್ಣಿನಡಿ ಹಾದುಹೋಗುತ್ತಿತ್ತು. ‘ಹೋಗುತ್ತಿತ್ತು’ ಎಂಬ ಭೂತಕಾಲವನ್ನು ಎಲ್ಲರೂ ಗಮನಿಸತಕ್ಕದ್ದು.

ಕ್ಷೌರದಂಗಡಿ ಇಟ್ಟುಕೊಂಡಿರುವ ಚಿಕ್ಕ ಮಗನು ರಜೆಯ ದಿನ ಗುಲಾಬಿ ಗಿಡ ನೆಡಲು ಗುಂಡಿ ತೋಡಿ, ಸದರಿ ತಂತಿಯನ್ನು ಗಿರಾಕಿಯ ಕೂದಲಿಗಿಂತ ನಾಜೂಕಾಗಿ ಕತ್ತರಿಸಿದನು. ವಿಷಯವನ್ನು ಯಾರಿಗೂ ತಿಳಿಸಲಿಲ್ಲ, ಏಕೆಂದರೆ ಅದು ಅವನಿಗೇ ತಿಳಿದಿರಲಿಲ್ಲ. ಅಂದು ಸಂಜೆ, ಕಾರು ಓಡಿಸುವುದನ್ನು ಕಲಿಸುವ ಶಾಲೆಯ ಒಡೆಯನಾದ ದೊಡ್ಡ ಮಗನು ಕತ್ತಲ ಗ್ಯಾರೇಜಿನೊಳಕ್ಕೆ ಕಾರನ್ನು ಹಿಮ್ಮುಖವಾಗಿ ತರುವಾಗ ಅದು ಗೋಡೆಗೆ ಗುದ್ದಿತು. ‘ಕಲಿಯುವವರಿದ್ದಾರೆ, ದೂರವಿರಿ’ ಎಂಬ ಹಿಂಬದಿಯ ಫಲಕವು ನಜ್ಜುಗುಜ್ಜಾಯಿತು. ಅಂಗಳದಲ್ಲೇ ನಡೆದ ವಿಚಾರಣೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

“ತೋಡೋಕೆ ಮುಂಚೆ ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?” ಎಂದು ದೊಡ್ಡವನು.

“ಊರಿಗೆಲ್ಲ ರಿವರ್ಸ್ ಹೇಳ್ಕೊಡೋನು ನೀನು. ನಿನ್ನ ಮನೆ ಗೋಡೆ ಎಲ್ಲಿದೆ ಅಂತ ನಾನು ತೋರಿಸ್ಬೇಕಾ?” ಎಂದು ಚಿಕ್ಕವನು.

ಅಲ್ಲಿಂದ ಇಬ್ಬರೂ ಮಾತು ಬಿಟ್ಟರು. ಇಬ್ಬರ ತಾಯಿಯೂ ನಿವೃತ್ತ ಕಚೇರಿ ಅಧೀಕ್ಷಕಿಯೂ ಆದ ಈ ಇಲಾಖೆಯ ಅಧ್ಯಕ್ಷರ ಮೇಲೆ ಹೊಸ ಹೊಣೆ ಬಿತ್ತು. “ಅಮ್ಮಾ, ನೀರಿನ ಜಗ್ಗು ಈ ಕಡೆ ತಳ್ಳು ಅಂತ ಅವನಿಗೆ ಹೇಳು” ಎಂದು ದೊಡ್ಡವನು ಹೇಳುವನು. ಜಗ್ಗು ಇರುವುದು ಇಬ್ಬರ ಮೊಣಕೈ ನಡುವೆ. ಜೀವಮಾನವಿಡೀ ಕಡತಗಳನ್ನು ಮೇಲಕ್ಕೆ ಕಳಿಸಿದ ಅಧ್ಯಕ್ಷರು ಈಗ ಮಾತುಗಳನ್ನು ಅಡ್ಡಡ್ಡಕ್ಕೆ ಸಾಗಿಸತೊಡಗಿದರು. ಅವರ ಊಟ ತಟ್ಟೆಯಲ್ಲೇ ಆರುತ್ತಿತ್ತು. ಇಷ್ಟನ್ನೂ ಅವರು ಸಹಿಸಿಕೊಂಡಿದ್ದರು. ಆದರೆ ದೊಡ್ಡ ಮಗನು ಮನೆ ದಲ್ಲಾಳಿಗೆ ಫೋನಿನಲ್ಲಿ, “ಚಿಕ್ಕದಾದ್ರೂ ಪರವಾಗಿಲ್ಲ, ಗ್ಯಾರೇಜಿರೋ ಬಾಡಿಗೆ ಮನೆ ನೋಡಿ” ಎಂದದ್ದು ಬಟ್ಟೆ ಮಡಿಸುತ್ತಿದ್ದ ಅಧ್ಯಕ್ಷರ ಕಿವಿಗೆ ಬಿದ್ದಿತು. ಅವರು ಒಂದೇ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರೆಂದು ತಿಳಿದುಬಂದಿದೆ.

ಎಲೆಕ್ಟ್ರಿಷಿಯನ್‌ನ ಅಭಿಪ್ರಾಯ ಹೀಗಿದೆ: “ಹೊಸ ತಂತಿ ಎಳೀಬೇಕಂದ್ರೆ ಅಂಗಳ ಪೂರ್ತಿ ಅಗೀಬೇಕಮ್ಮ. ಗ್ಯಾರೇಜಿಗೆ ಕರೆಂಟು ಬೀದಿ ಕಡೆಯಿಂದ ಹೇಗೂ ಇದೆ. ವೈರ್‌ಲೆಸ್ ಹಾಕ್ಸಿಬಿಡಿ, ಮನೆಗೂ ಅದೇ, ಗ್ಯಾರೇಜಿಗೂ ಅದೇ.”

ಅದರಂತೆ ಕೆಳಕಂಡ ವ್ಯವಸ್ಥೆಗಳನ್ನು ಪ್ರಾಯೋಗಿಕವಾಗಿ ಪರಿಶೀಲಿಸಿ, ಈ ಮೂಲಕ ಸೂಚಿಸಲಾಗಿದೆ:

1. ಮೊಬೈಲ್ ಫೋನಿನಿಂದ ನಡೆಯುವ ವ್ಯವಸ್ಥೆ. ಇದರಲ್ಲಿ ಮನೆಯ ಯಾರು ಬೇಕಾದರೂ ಯಾರ ದೀಪವನ್ನು ಬೇಕಾದರೂ ಆರಿಸಬಹುದಾಗಿದ್ದು, ಮಕ್ಕಳಿಬ್ಬರೂ ಈ ಸೌಲಭ್ಯವನ್ನು ಪೂರ್ಣವಾಗಿ ಬಳಸಿಕೊಂಡರು. ಆದ್ದರಿಂದ, ಸ್ನಾನದ ಮನೆಯಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡಿರುವ ವ್ಯಕ್ತಿಯ ದೀಪ ಆರಿಸುವುದನ್ನು ನಿಷೇಧಿಸಲಾಗಿದೆ. ಸೋಪು ತೊಳೆದುಕೊಂಡ ನಂತರದ ಅವಧಿಗೆ ಪ್ರತ್ಯೇಕ ಸೂಚನೆ ಹೊರಡಿಸಲಾಗುವುದು.

2. ಅಂಗಡಿಯಲ್ಲಿ ಕುಳಿತು, ಗಿರಾಕಿಯ ಅರ್ಧ ಗಡ್ಡ ಬಾಕಿಯಿರುವಾಗ, ಮನೆಯಲ್ಲಿರುವ ಅಣ್ಣನ ಕೋಣೆಯ ದೀಪವನ್ನು ಹತ್ತಿಸಿ ಆರಿಸುವುದನ್ನು ಕರ್ತವ್ಯಲೋಪವೆಂದು ಪರಿಗಣಿಸಲಾಗುವುದು. ಗಿರಾಕಿಯ ಒಪ್ಪಿಗೆ ಪಡೆದಿದ್ದರೂ ಸಹ.

3. ಮಾತಿನಿಂದ ನಡೆಯುವ ವ್ಯವಸ್ಥೆ. ಸದರಿ ಪೆಟ್ಟಿಗೆಗೆ ಅಣ್ಣ ತಮ್ಮಂದಿರ ದನಿಯಲ್ಲಿ ವ್ಯತ್ಯಾಸ ತಿಳಿಯಲಿಲ್ಲ. ಹೆತ್ತವರಿಗೇ ಫೋನಿನಲ್ಲಿ ತಿಳಿಯದಿರುವುದರಿಂದ ಪೆಟ್ಟಿಗೆಯನ್ನು ದೂರುವಂತಿಲ್ಲ. ಆದರೆ ದೊಡ್ಡವನು ಅದಕ್ಕೆ, “ದೀಪ ಹಾಕು. ಹಾಗೇ ಸೋಫಾ ಮೇಲೆ ಬಿದ್ಕೊಂಡಿರೋನಿಗೆ ಕಾಲು ತೆಗಿ ಅಂತ ಹೇಳು” ಎಂದನು. ಪೆಟ್ಟಿಗೆಯು, “ಕ್ಷಮಿಸಿ, ಆ ಸಾಧನ ಸಿಗಲಿಲ್ಲ” ಎಂದಿತು. “ಇದಕ್ಕಾದ್ರೂ ಮರ್ಯಾದೆ ಗೊತ್ತು” ಎಂದು ಚಿಕ್ಕವನು ಚಾವಣಿಗೆ ತಿಳಿಸಿದನು. ಅಧ್ಯಕ್ಷರ ಕೆಲಸವನ್ನು ಪೆಟ್ಟಿಗೆಗೆ ವಹಿಸುವುದು ಸೇವಾ ನಿಯಮಗಳಿಗೆ ವಿರುದ್ಧವಾದ್ದರಿಂದ ಅದನ್ನು ಹಿಂದಿರುಗಿಸಲಾಗಿದೆ.

4. ಚಲನೆಯನ್ನು ಕಂಡು ತಾನೇ ಹತ್ತುವ ದೀಪ. ಇದನ್ನು ಗ್ಯಾರೇಜಿನಲ್ಲಿ ಹಾಕಿ ನೋಡಲಾಯಿತು. ಸಂಜೆ ಅಡುಗೆಮನೆಯ ಕಿಟಕಿಯಿಂದ ನೋಡುವಾಗ ಅದು ಆರುವುದು, ಹತ್ತುವುದು, ಮತ್ತೆ ಆರುವುದು ಕಂಡುಬಂದಿತು. ಅಧ್ಯಕ್ಷರು ಖುದ್ದಾಗಿ ಸ್ಥಳ ಪರಿಶೀಲನೆ ನಡೆಸಲಾಗಿ, ದೊಡ್ಡ ಮಗನು ಕಾರಿನೊಳಗೇ ಕುಳಿತಿದ್ದು, ದೀಪ ಆರಿದಾಗಲೆಲ್ಲ ಕಿಟಕಿಯಿಂದ ಒಂದು ಕೈ ಹೊರಹಾಕಿ ಬೀಸುತ್ತಿದ್ದನು. “ಊಟಕ್ಕೆ ಬಾರೋ” ಎಂದದ್ದಕ್ಕೆ, “ಅವನು ಉಂಡೆದ್ದ ಮೇಲೆ ಬರ್ತೀನಿ” ಎಂದನು. ಅಧ್ಯಕ್ಷರು ಪಕ್ಕದ ಸೀಟಿನಲ್ಲಿ ಸ್ವಲ್ಪ ಹೊತ್ತು ಕುಳಿತರು. ಆ ಅವಧಿಯಲ್ಲಿ ಅವರೂ ಕೈ ಬೀಸಬೇಕಾಯಿತು. ಕೋಪ ಮಾಡಿಕೊಂಡು ಕೂತವರಿಗೆ ವ್ಯಾಯಾಮ ಹೇರುವ ಈ ವ್ಯವಸ್ಥೆಯನ್ನು ತಿರಸ್ಕರಿಸಲಾಗಿದೆ.

5. ಗೋಡೆಗೆ ಅಂಟಿಸುವ ಗುಂಡಿ. ಇದಕ್ಕೆ ಫೋನು ಬೇಡ, ಮಾತು ಬೇಡ, ಕೈ ಬೀಸುವುದು ಬೇಡ. ಒಂದು ಗುಂಡಿಯನ್ನು ಅಡುಗೆಮನೆಯಲ್ಲೂ, ಅದರ ಕರೆಗೆ ಓಗೊಡುವ ಡಬ್ಬಿಯನ್ನು ಗ್ಯಾರೇಜಿನ ದೀಪದ ಬಳಿಯೂ ಹಾಕಿ, ಎಲೆಕ್ಟ್ರಿಷಿಯನ್ ಹೊರಡುತ್ತ ಹೇಳಿದ್ದು: “ಎರಡನ್ನೂ ಜೋಡಿ ಮಾಡ್ಬೇಕಮ್ಮ. ಅಲ್ಲಿ ಡಬ್ಬಿ ಮಿನುಗಿದ ಕೂಡ್ಲೇ ಇಲ್ಲಿ ಗುಂಡಿ ಒತ್ತಿ ಹಿಡೀಬೇಕು. ಇಬ್ಬರು ಮಾತಾಡ್ಕೊಂಡು ಮಾಡಿದ್ರೆ ಆಯ್ತು, ಏನು ಕಷ್ಟ ಇಲ್ಲ.”

6. ಕಷ್ಟ ಇತ್ತು. ದೊಡ್ಡವನನ್ನು ಗ್ಯಾರೇಜಿಗೂ ಚಿಕ್ಕವನನ್ನು ಅಡುಗೆಮನೆಗೂ ನಿಯೋಜಿಸಲಾಯಿತು. ದೊಡ್ಡವನು ಅಧ್ಯಕ್ಷರಿಗೆ ಹೇಳಿ, ಅಧ್ಯಕ್ಷರು ಅಂಗಳ ದಾಟಿ ಚಿಕ್ಕವನಿಗೆ ತಲುಪಿಸುವಷ್ಟರಲ್ಲಿ ಡಬ್ಬಿ ಬೇಸತ್ತು ಸುಮ್ಮನಾಗುತ್ತಿತ್ತು. ಹಲವು ಬಾರಿ ಓಡಾಡಿದ ಮೇಲೆ ಅಧ್ಯಕ್ಷರು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಅಂಗಳದ ನಡುವೆ ಹಾಕಿಕೊಂಡು ಕುಳಿತರು. “ನನ್ನ ಕಾಲು ಬಿದ್ದುಹೋಯ್ತು. ಇನ್ನು ನಾನು ಏಳಲ್ಲ. ಬೇಕಾದ್ರೆ ನೀವೇ ಕೂಗ್ಕೊಳ್ಳಿ, ಬೇಡವಾದ್ರೆ ಕತ್ತಲಲ್ಲೇ ಇರಿ” ಎಂದು ಆದೇಶಿಸಿದರು.

7. ಗ್ಯಾರೇಜಿನಲ್ಲಿ ಡಬ್ಬಿಯನ್ನು ಮತ್ತೆ ಚಾಲೂ ಮಾಡಿದ ಸದ್ದು ಕೇಳಿಬಂದಿತು. ಕೊನೆಗೆ ಗ್ಯಾರೇಜಿನಿಂದ ವಿಳಾಸವಿಲ್ಲದ ಒಂದು ಮಾತು ಬಂದಿತು: “ಮಿನುಗ್ತಾ ಇದೆ.”

“ಯಾರಿಗೆ ಹೇಳ್ತಿರೋದು?” ಎಂದು ಅಡುಗೆಮನೆ.

“ನಿನಗೇ ಕಣೋ. ಇನ್ನೇನು ಗೋಡೆಗೆ ಹೇಳ್ಲಾ?”

“ಗೋಡೆ ನಿನಗೆ ಕಾಣಲ್ವಲ್ಲಣ್ಣ.”

ಗ್ಯಾರೇಜಿನಲ್ಲಿ ಯಾರೋ ನಕ್ಕರು. ಅಲ್ಲಿ ದೊಡ್ಡ ಮಗನ ಹೊರತು ಯಾರೂ ಇರಲಿಲ್ಲವೆಂದು ಪ್ರಮಾಣೀಕರಿಸಲಾಗಿದೆ. ನಗುವಿನಲ್ಲಿ ಸಮಯ ಮೀರಿತು. ಮತ್ತೆ ಮಾಡಿದರು. “ಒತ್ತಿದ್ಯಾ?” “ಒತ್ತಿದ್ದೀನಿ.” “ಬಿಡ್ಬೇಡ.” “ಬಿಟ್ಟಿಲ್ಲಪ್ಪ.” ಗ್ಯಾರೇಜಿನ ದೀಪ ಹತ್ತಿತು. ಜೊತೆಗೆ, ಇಂಥದೇ ಡಬ್ಬಿ ಹಾಕಿಸಿದ್ದ ಸ್ನಾನದ ಮನೆಯದೂ ಹತ್ತಿತು. ಇದು ಯಾರ ತಪ್ಪೆಂದು ಇಬ್ಬರೂ ಅಂಗಳದಲ್ಲಿ ನಿಂತು ಎದುರುಬದುರಾಗಿ ಜಗಳವಾಡಿದರು. ಅಧ್ಯಕ್ಷರು ಕುರ್ಚಿಯಲ್ಲಿ ಕುಳಿತು ಎರಡೂ ಕಡೆಯ ವಾದವನ್ನು ಮನಸಾರೆ ಆಲಿಸಿದರು. ಅಂದು ಅವರು ಬಿಸಿ ಊಟ ಮಾಡಿದರು. ಮರುದಿನ ದಲ್ಲಾಳಿಯ ಫೋನು ಬಂದಾಗ ದೊಡ್ಡ ಮಗನು, “ಸದ್ಯಕ್ಕೆ ಬೇಡ ಬಿಡಿ, ಇಲ್ಲಿ ಲೈಟಿಂದು ಸ್ವಲ್ಪ ಕೆಲಸ ಇದೆ” ಎಂದನು.

8. ಆದಕಾರಣ ಕಲಂ 5ರ ವ್ಯವಸ್ಥೆಯನ್ನು ಅಂತಿಮವಾಗಿ ಆಯ್ಕೆ ಮಾಡಿ ಆದೇಶಿಸಲಾಗಿದೆ. ಇನ್ನು ಮುಂದೆ ಗ್ಯಾರೇಜಿಗೆ ಕಾರು ತರುವವರು ಸ್ನಾನದ ಮನೆಯಲ್ಲಿರುವವರಿಗೆ ಹಾರ್ನ್ ಮೂಲಕ ಮುನ್ಸೂಚನೆ ನೀಡತಕ್ಕದ್ದು. ಒಳಗಿರುವವರು ಹಾಡಿನ ಮೂಲಕ ಸ್ವೀಕೃತಿ ನೀಡತಕ್ಕದ್ದು.

9. ಸದರಿ ಗುಂಡಿ ಮತ್ತು ಡಬ್ಬಿಯ ಜೋಡಣೆಯನ್ನು, ತಮಗೆ ಅಗತ್ಯವೆಂದು ಕಂಡಾಗಲೆಲ್ಲ, ಯಾರಿಗೂ ತಿಳಿಯದಂತೆ ಅಳಿಸಿಹಾಕಿ, “ಅಯ್ಯೋ, ಮತ್ತೆ ಕೆಟ್ಟುಹೋಯ್ತಲ್ಲ” ಎನ್ನುವ ಅಧಿಕಾರವನ್ನು ಅಧ್ಯಕ್ಷರು ಕಾಯ್ದಿರಿಸಿಕೊಂಡಿದ್ದಾರೆ. ಮಕ್ಕಳ ಪ್ರತಿಯಲ್ಲಿ ಈ ಕಲಮನ್ನು ಮುದ್ರಿಸತಕ್ಕದ್ದಲ್ಲ.

ಸಹಿ/-
ಅಮ್ಮ
ಅಧ್ಯಕ್ಷರು, ಗೃಹ ಬೆಳಕು ಮತ್ತು ಕತ್ತಲೆ ಇಲಾಖೆ
(ಕಾಯಂ, ವರ್ಗಾವಣೆಗೆ ಒಳಪಡುವುದಿಲ್ಲ)

ಪ್ರತಿಗಳು:
ದೊಡ್ಡ ಮಗನಿಗೆ, ಸೂಕ್ತ ಕ್ರಮಕ್ಕಾಗಿ (ಕಲಂ 9 ಹೊರತುಪಡಿಸಿ).
ಚಿಕ್ಕ ಮಗನಿಗೆ, ಅದೇ ಕ್ರಮಕ್ಕಾಗಿ, ಅದೇ ಹೊತ್ತಿಗೆ (ಕಲಂ 9 ಹೊರತುಪಡಿಸಿ).
ಎಲೆಕ್ಟ್ರಿಷಿಯನ್‌ಗೆ, ಮಾಹಿತಿಗಾಗಿ; ಕರೆದರೆ ಬರಬಾರದೆಂಬ ಕೋರಿಕೆಯೊಂದಿಗೆ.
ಪಕ್ಕದ ಮನೆಯವರಿಗೆ: ಅಂಗಳದಿಂದ ಇನ್ನು ಮುಂದೆಯೂ ಆಗಾಗ ಕೂಗಾಟ ಕೇಳಿಬರಲಿದೆ. ದಯವಿಟ್ಟು ಬಿಡಿಸಲು ಬರತಕ್ಕದ್ದಲ್ಲ.