ಶುಐಬಾದಲ್ಲಿ ಬಿದ್ದ ಹಿಮ

ಫ್ರೆಡ್ರಿಕ್‌ನ ಗ್ರಹಚಾರ ಕೆಟ್ಟದ್ದು ಒಂದು ಬಾಗಿಲಿನಿಂದ. ಬಾಗಿಲು ಅವನದಲ್ಲ, ಸಮುದ್ರಗಳಾಚೆಯ ಯಾವುದೋ ದೊಡ್ಡ ಸರೋವರದ ದಂಡೆಯ ಮನೆಯದು. ಬೆಳಿಗ್ಗೆ ಏಳು ಗಂಟೆಗೆ ಅವನ ಮೊಬೈಲಿಗೆ ಬಂದ ವಿಡಿಯೋದಲ್ಲಿ ಒಬ್ಬ ದಡೂತಿ ಮನುಷ್ಯ ಆ ಬಾಗಿಲನ್ನು ಒಳಗಿನಿಂದ ಎಳೆದ. ಹೊರಗೆ ಎದೆಮಟ್ಟದ ಹಿಮ ಗೋಡೆಯಂತೆ ನಿಂತಿತ್ತು. ಬಾಗಿಲಿನ ಹಿಡಿಯ ಗುರುತು ಕೂಡ ಅದರ ಮೇಲೆ ಅಚ್ಚಾಗಿತ್ತು. ಇನ್ನೂ ನವೆಂಬರ್ ತಿಂಗಳು, ಚಳಿಗಾಲ ಸರಿಯಾಗಿ ಶುರುವಾಗಿಯೇ ಇರಲಿಲ್ಲ.

ಫ್ರೆಡ್ರಿಕ್ ಅದೇ ಸಂಜೆ ಏಳರ ವಿಮಾನದಲ್ಲಿ ಅದೇ ಸರೋವರದ ದಂಡೆಗೆ ಹೊರಟಿದ್ದ. ಕೆನಡಾದ ವಲಸೆ ವೀಸಾ ಸಿಕ್ಕಿತ್ತು. ನಾಡಿದ್ದಿನೊಳಗೆ ಆ ನೆಲದ ಮೇಲೆ ಕಾಲಿಟ್ಟು ಸಹಿ ಹಾಕಬೇಕು, ತಪ್ಪಿದರೆ ವೀಸಾ ಖಲಾಸ್. ಸಹಿ ಹಾಕಿ ಗುಟ್ಟಾಗಿ ವಾಪಸ್ ಬಂದು ಕುವೈತಿನ ಸಂಬಳವನ್ನೂ ತಿನ್ನುತ್ತಿರುವುದು, ಕೆನಡಾವನ್ನೂ ಕಿಸೆಯಲ್ಲಿಟ್ಟುಕೊಳ್ಳುವುದು. ಗಲ್ಫಿನ ನಮ್ಮ ಜನ ಬುದ್ಧಿವಂತಿಕೆ ಎಂದು ಕರೆಯುವುದು ಇದನ್ನೇ.

ಮೀನಾ ಅಬ್ದುಲ್ಲಾ ಎಂಬ ಊರಿನ ಆಫೀಸಿನಲ್ಲಿ ಮ್ಯಾನೇಜರ್ ಪಾಯಸ್ ಅವರಿಗೆ ಅವನು ಹೇಳಿದ್ದು, ಊರಿನಲ್ಲಿ ಅತ್ತೆ ಸೀರಿಯಸ್ ಎಂದು. ಹತ್ತು ದಿನ ರಜೆ ಸಿಕ್ಕಿತ್ತು. ಅತ್ತೆ ಗಟ್ಟಿಮುಟ್ಟಾಗಿದ್ದರು, ಅಳಿಯನ ಅಗತ್ಯ ನೋಡಿ ವರ್ಷಕ್ಕೊಮ್ಮೆ ಸೀರಿಯಸ್ ಆಗುವುದು ಅವರಿಗೂ ಅಭ್ಯಾಸವಾಗಿತ್ತು. ಆಫೀಸಿನ ಲೆಕ್ಕದಲ್ಲಿ ಫ್ರೆಡ್ರಿಕ್ ಮೊನ್ನೆಯೇ ಊರಿಗೆ ಹಾರಿದ್ದ. ನಿಜದಲ್ಲಿ ಕುವೈತಿನಲ್ಲೇ, ಫಿಂಟಾಸ್ ಬಡಾವಣೆಯ ಮನೆಯಲ್ಲಿ ಪರದೆ ಎಳೆದುಕೊಂಡು ಕೂತಿದ್ದ. ಈ ಗುಟ್ಟು ಅವನಿಗೆ, ಅವನ ಹೆಂಡತಿ ಸಿಸಿಲಿಯಾಗೆ ಮತ್ತು ಆ ಕಟ್ಟಡದ ಮೂವತ್ತೆರಡು ಮನೆಗಳಿಗೆ ಮಾತ್ರ ಗೊತ್ತಿತ್ತು.

ವಿಡಿಯೋ ಕಳಿಸಿದ್ದು ಕೆಳಮನೆಯ ಸದಾನಂದ. ಎಸಿ ಮೆಕ್ಯಾನಿಕ್. ಇಪ್ಪತ್ತು ವರ್ಷ ಎಸಿ ಬಿಚ್ಚಿ ಜೋಡಿಸಿದ ಮೇಲೆ ಪ್ರಪಂಚದ ಚಳಿಯೆಲ್ಲ ತನ್ನ ಸುಪರ್ದಿಯಲ್ಲಿದೆ ಎಂದು ಅವನು ನಂಬಿದ್ದ. ಅವನ ಹಿಂದೆಯೇ ಮೇಲಿನ ಮನೆಯ ಬಸಲಿಂಗಯ್ಯನೂ ಬಂದ. ಬಾಗಲಕೋಟೆ ಕಡೆಯ ಫೋರ್‌ಮನ್, ಆ ದಿನ ವಾರದ ರಜೆ, ಮಾಡಲು ಕೆಲಸವಿಲ್ಲ. ಇಂಥವರು ಬಾಗಿಲು ಬಡಿದರೆ ತೆರೆಯಬಾರದು. ಫ್ರೆಡ್ರಿಕ್ ತೆರೆದ.

ಸದಾನಂದ ಬಂದವನೇ ಫ್ರೆಡ್ರಿಕ್ ಕೆನಡಾಕ್ಕೆಂದು ಕೊಂಡಿದ್ದ ಜಾಕೆಟನ್ನು ಬೆರಳಲ್ಲಿ ಹಿಸುಕಿ ನೋಡಿದ. "ಇದು ಎಂತ ಮಾರಾಯ್ರೇ? ಇದನ್ನು ಹಾಕಿ ಊಟಿಗೆ ಸಹ ಹೋಗ್ಲಿಕ್ಕೆ ಆಗುದಿಲ್ಲ."

"ಮೈನಸ್ ಇಪ್ಪತ್ತಕ್ಕೂ ಸಾಕು ಅಂತ ಅಂಗಡಿಯವ ಹೇಳಿದ್ದಾನೆ."

"ಅವ ಮೈನಸ್ ನೋಡಿದ್ದುಂಟಾ? ಅಲ್ಲಿ ಕೆರೆಯ ನೀರು ಬಿಸಿ, ಮೇಲಿನ ಗಾಳಿ ತಣ್ಣಗೆ. ಗಾಳಿ ನೀರನ್ನು ಎತ್ತಿಕೊಂಡು ಬಂದು ದಂಡೆಯ ಮೇಲೆ ಹಿಮ ಸುರಿಯುದು. ನಮ್ಮ ಎಸಿಯದ್ದೇ ಕೆಲಸ ಅದು, ಸ್ವಲ್ಪ ದೊಡ್ಡದು ಅಷ್ಟೆ."

"ಕೆರಿ ದಂಡಿ ಮ್ಯಾಲೆ ಹಿಮ ಬೀಳೂದಾ?" ಬಸಲಿಂಗಯ್ಯ ಹುಬ್ಬೇರಿಸಿದ. "ನಮ್ಮ ಕಡಿ ಕೆರಿ ದಂಡಿಗೆ ಹ್ವಾದ್ರ ನೆಗಡಿ ಆಗೂದು ಕಷ್ಟ ಐತ್ರಿ. ಇರ್ರಿ, ನಮ್ಮ ಮನ್ಯಾಕಿ ಶಾರದವ್ವನ ಕಂಬಳಿ ತರ್ತೀನಿ."

ಸದಾನಂದನಿಗೆ ಇನ್ನೂ ಘನವಾದ ಯೋಚನೆ ಹೊಳೆದಿತ್ತು. ಶುಐಬಾದಲ್ಲಿ ಹೆಪ್ಪುಗಟ್ಟಿಸಿದ ಕೋಳಿ ಇಡುವ ಕೋಲ್ಡ್ ಸ್ಟೋರ್ ಒಂದಿತ್ತು. ಅದರ ಮೆಷಿನು ನೋಡಿಕೊಳ್ಳುವವನು ಸದಾನಂದ, ಬೀಗದ ಕೈ ಇಟ್ಟುಕೊಳ್ಳುವವನು ಉಮ್ಮರಬ್ಬ. "ಒಳಗೆ ಮೈನಸ್ ಹದಿನೆಂಟು. ಹತ್ತು ನಿಮಿಷ ನಿಂತು ನೋಡಿ. ನಿಂತ್ರೆ ಕೆನಡಾ, ನಿಲ್ಲದಿದ್ರೆ ಬೇರೆ ಜಾಕೆಟ್."

ಆಗಲೇ ಸಿಸಿಲಿಯಾಳ ಫೋನು ಬಂತು. ಅವಳು ಆಸ್ಪತ್ರೆಯಲ್ಲಿ ನರ್ಸ್, ಎರಡು ಗಂಟೆಯವರೆಗೆ ಡ್ಯೂಟಿ. "ಎಲ್ಲಿಗೂ ಹೋಗ್ಬೇಡಿ. ಪಾಸ್‌ಪೋರ್ಟ್ ಹಿಡ್ಕೊಂಡು ಸೋಫಾದಲ್ಲಿ ಕೂತ್ಕೊಳ್ಳಿ. ಅಷ್ಟಾದ್ರೂ ಆಗ್ತದಲ್ಲ?"

"ಆಗ್ತದೆ" ಎಂದು ಹೇಳಿ ಫ್ರೆಡ್ರಿಕ್ ಸದಾನಂದನ ವ್ಯಾನು ಹತ್ತಿದ. ಆಫೀಸಿನವರು ಓಡಾಡುವ ರಸ್ತೆ ಅದು. ಹಾಗಾಗಿ ಗ್ಯಾಸ್ ಸಿಲಿಂಡರುಗಳ ನಡುವೆ ಶಾರದವ್ವನ ಕಂಬಳಿ ಹೊದ್ದು, ಕದ್ದ ಮಾಲಿನಂತೆ ಮಲಗಿ ಶುಐಬಾ ತಲುಪಿದ.

ಕೋಲ್ಡ್ ಸ್ಟೋರಿನಲ್ಲಿ ಎರಡು ಸ್ವೆಟರ್, ಜಾಕೆಟ್, ಮಂಕಿ ಕ್ಯಾಪ್, ಉಮ್ಮರಬ್ಬನ ರಬ್ಬರ್ ಬೂಟು ತೊಟ್ಟು ಫ್ರೆಡ್ರಿಕ್ ಕೋಳಿಯ ಪೆಟ್ಟಿಗೆಗಳ ನಡುವೆ ನಿಂತ. ಹತ್ತು ನಿಮಿಷ ಕಳೆಯಿತು. ಚಳಿಯೇ ಆಗಲಿಲ್ಲ. ಜಾಕೆಟ್ ಪಾಸಾಗಿತ್ತು. ಬುದ್ಧಿ ಇದ್ದವರು ಅಲ್ಲಿಂದ ಮನೆಗೆ ಹೋಗುತ್ತಿದ್ದರು.

"ಗಾಳಿ ಎಲ್ಲುಂಟು?" ಎಂದ ಸದಾನಂದ. "ವಿಡಿಯೋದಲ್ಲಿ ಮರ ಬಗ್ಗುವಷ್ಟು ಗಾಳಿ ಉಂಟಲ್ಲ." ಅವನು ಬ್ಲೋವರನ್ನು ಪೂರ್ತಿ ತಿರುಗಿಸಿದ.

"ಗಾಳಿ ಒಂದ ಇದ್ರ ಏನ್ ಬಂತ್ರಿ, ಹಿಮಾನೂ ಬೇಕಲ್ಲ!" ಬಸಲಿಂಗಯ್ಯ ಏಣಿ ಹತ್ತಿ, ಪೈಪಿನ ಮೇಲೆ ಕಟ್ಟಿದ್ದ ಬಿಳಿ ಮಂಜುಗಡ್ಡೆಯನ್ನು ತಗಡಿನ ತುಂಡಿನಿಂದ ಕೆರೆದು ಬಕೆಟ್ಟಿಗೆ ತುಂಬಿ, ಬ್ಲೋವರಿನ ಮುಂದೆ ಸುರಿದ. ಹೆಪ್ಪುಗಟ್ಟಿದ ಕೋಳಿಗಳ ಮೇಲೆ ಸರೋವರದ ಹಿಮಪಾತ ಶುರುವಾಯಿತು.

"ನಿಂತ್ರೆ ಆಯ್ತಾ? ಅಲ್ಲಿ ನಡೀಬೇಕಲ್ಲ ಮಾರಾಯ್ರೇ" ಎಂದು ಉಮ್ಮರಬ್ಬನೂ ತನ್ನ ಪಾಲಿನ ಸಲಹೆ ಕೊಟ್ಟ.

ಫ್ರೆಡ್ರಿಕ್ ನಡೆದ. ಸದಾನಂದ ಮೊಬೈಲು ಎತ್ತಿ "ಇಲ್ಲಿ ನೋಡಿ, ಕೈ ಮೇಲೆ ಮಾಡಿ!" ಎಂದ. ಕ್ಯಾಮೆರಾ ಕಂಡರೆ ಫ್ರೆಡ್ರಿಕ್‌ಗೆ ಮೈಮೇಲೆ ಎಚ್ಚರವಿರುವುದಿಲ್ಲ. ಎರಡೂ ಕೈ ಎತ್ತಿ, ಹಲ್ಲು ಕಿರಿದು, ಒಂದು ಕಾಲನ್ನೂ ಎತ್ತಿದ. ನೆಲದಲ್ಲಿದ್ದ ಇನ್ನೊಂದು ಕಾಲು ಜಾರಿತು. ಪಾದದ ಗಂಟು ಟಕ್ ಎಂದದ್ದು ಬ್ಲೋವರಿನ ಸದ್ದಿನಲ್ಲೂ ನಾಲ್ವರಿಗೂ ಕೇಳಿಸಿತು.

ಮೂರು ಗಂಟೆಗೆ ಕ್ಲಿನಿಕ್ಕಿನ ಮಂಚದ ಮೇಲೆ ಅವನ ಬಲಗಾಲು ಮೊಣಕಾಲಿನವರೆಗೆ ಪ್ಲಾಸ್ಟರಿನಲ್ಲಿತ್ತು. ಯೂನಿಫಾರ್ಮಿನಲ್ಲೇ ಓಡಿಬಂದ ಸಿಸಿಲಿಯಾ ಎಕ್ಸ್‌ರೇ ನೋಡಿದಳು, ಗಂಡನನ್ನು ನೋಡಿದಳು.

"ಹಸಿ ಪ್ಲಾಸ್ಟರ್. ನಲವತ್ತೆಂಟು ಗಂಟೆ ವಿಮಾನಕ್ಕೆ ಹತ್ತಿಸುದಿಲ್ಲ. ವೀಸಾ ನಾಡಿದ್ದಿಗೆ ಮುಗೀತದೆ. ಸೋಫಾದಲ್ಲಿ ಕೂರ್ಲಿಕ್ಕೆ ಹೇಳಿದ್ದೆ ನಾನು. ಬರೀ ಕೂರ್ಲಿಕ್ಕೆ."

ಫ್ರೆಡ್ರಿಕ್ ಅತ್ತುಬಿಟ್ಟ. ಮೂರು ವರ್ಷ ಅರ್ಜಿ ತುಂಬಿದ್ದ, ನಲವತ್ತಾರರ ವಯಸ್ಸಿನಲ್ಲಿ ಹುಡುಗರ ಜೊತೆ ಕೂತು ಇಂಗ್ಲಿಷ್ ಪರೀಕ್ಷೆ ಬರೆದಿದ್ದ. ಪಾಪ ಎನ್ನಿಸುವ ಹೊತ್ತು ಅದು. ಆದರೆ ಮಂಕಿ ಕ್ಯಾಪ್ ಹಾಕಿಕೊಂಡು ಅಳುವವನನ್ನು ನೋಡಿ ಎಷ್ಟು ಹೊತ್ತು ಪಾಪ ಎನ್ನಲು ಸಾಧ್ಯ?

ಅಷ್ಟರಲ್ಲಿ ಕೆನಡಾದಿಂದ ಸಿಸಿಲಿಯಾಳ ತಮ್ಮ ಆಲ್‌ಸ್ಟನ್ ಫೋನು ಮಾಡಿದ. ಅಲ್ಲಿ ಆಗಷ್ಟೇ ಬೆಳಗಾಗಿತ್ತು. "ಭಾವ, ಏರ್‌ಪೋರ್ಟಿಗೆ ಹೊರಟ್ರಾ? ದೊಡ್ಡ ಜಾಕೆಟ್ ಎಲ್ಲ ಹೊತ್ಕೊಂಡು ಬರ್ಬೇಡಿ. ಎಲ್ರೂ ಕಳಿಸ್ತಾ ಇರುವ ಆ ಹಿಮದ ವಿಡಿಯೋ ಆಚೆ ದಂಡೆಯದ್ದು. ಗಾಳಿ ಈ ಕಡೆಯಿಂದ ಆ ಕಡೆಗೆ ಬೀಸುದು, ಹಿಮ ಎಲ್ಲ ಅಲ್ಲಿಯವರ ತಲೆ ಮೇಲೆ. ಇಲ್ಲಿ ಒಳ್ಳೆ ಬಿಸಿಲು ಬರ್ತಾ ಉಂಟು. ಒಂದು ಸ್ವೆಟರ್ ಸಾಕು."

ಸಿಸಿಲಿಯಾ ಫೋನು ಕಸಿದು ಇಟ್ಟಳು. ಸದಾನಂದ ಗೋಡೆಯ ಮೇಲಿನ ಎಸಿಯನ್ನು ಬಹಳ ಗಮನವಿಟ್ಟು ನೋಡತೊಡಗಿದ.

ಫ್ರೆಡ್ರಿಕ್ ಕಣ್ಣೊರೆಸಿಕೊಂಡ. "ಹೋಗ್ಲಿ, ಕುವೈತಿನ ಕೆಲಸ ಆದ್ರೂ ಉಂಟಲ್ಲ. ರಜೆ ಮುಗಿದ ಮೇಲೆ ಊರಲ್ಲಿ ಅತ್ತೆಯ ಮನೆಯ ಬಾವಿಕಟ್ಟೆಯಲ್ಲಿ ಜಾರಿ ಬಿದ್ದೆ ಅಂದ್ರೆ ಆಯ್ತು."

ಸದಾನಂದ ಗಂಟಲು ಸರಿಮಾಡಿಕೊಂಡ. "ಒಂದು ಸಣ್ಣ ವಿಷಯ ಉಂಟು. ನೀವು ಬೀಳುವ ಮೊದಲು ತೆಗೆದ ಫೋಟೋ ಲಾಯ್ಕ ಬಂದಿತ್ತು. 'ನಮ್ಮ ಫ್ರೆಡ್ರಿಕ್ ಕೆನಡಾ ಮುಟ್ಟಿದರು' ಅಂತ, ಕಾಲು ಮುರಿದದ್ದು ಗೊತ್ತಾಗುವ ಮೊದಲೇ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹೇಗೂ ನಾಳೆ ಮುಟ್ತೀರಲ್ಲ, ಒಂದು ದಿನ ಮೊದಲೇ ಹಾಕಿದ್ರೆ ಎಂತ ಅಂತ. ಎಲ್ರೂ ಹೂವು ಕಳಿಸಿದ್ದಾರೆ."

"ಆ ಗ್ರೂಪಿನಲ್ಲಿ ಪಾಯಸ್ ಸಾರ್ ಇದ್ದಾರೆ!"

"ಹೌದು. ಅವ್ರೇ ಮೊದಲು ಹೂವು ಕಳಿಸಿದ್ದು."

ಫ್ರೆಡ್ರಿಕ್‌ನ ಫೋನು ಹೊಡೆದುಕೊಂಡಿತು.

"ಕಂಗ್ರಾಜುಲೇಷನ್ಸ್ ಫ್ರೆಡ್ರಿಕ್" ಎಂದರು ಪಾಯಸ್, ಬೆಣ್ಣೆಯಂಥ ದನಿಯಲ್ಲಿ. "ಫೋಟೋ ನೋಡಿದೆ. ಅತ್ತೆಗೆ ಅಲ್ಲಿ ಚಳಿ ಆಗುದಿಲ್ವಾ? ಇನ್ನು ನೀನು ವಾಪಸ್ ಬರುದು ಬೇಡ. ಇಲ್ಲಿ ವಾಸ ಮಾಡುವ ನಿನ್ನ ಇಕಾಮಾ ಪರ್ಮಿಟ್ ಕ್ಯಾನ್ಸಲ್ ಮಾಡ್ಲಿಕ್ಕೆ ಹೇಳ್ತಾ ಇದ್ದೇನೆ."

"ಸಾರ್, ಬೇಡ ಸಾರ್! ದೇವರಾಣೆ ನಾನು ಕೆನಡಾಕ್ಕೆ ಹೋಗ್ಲಿಲ್ಲ. ಊರಿಗೂ ಹೋಗ್ಲಿಲ್ಲ. ಇಲ್ಲೇ ಕುವೈತಿನಲ್ಲೇ ಇದ್ದೇನೆ!"

ಪಾಯಸ್ ಕೆಟ್ಟ ಮನುಷ್ಯರಲ್ಲ. "ಇಲ್ಲೇ ಇದ್ರೆ ನಾಳೆ ಬೆಳಿಗ್ಗೆ ಏಳಕ್ಕೆ ಡ್ಯೂಟಿಗೆ ಬಾ. ಎಲ್ಲ ಮರೆತುಬಿಡ್ತೇನೆ."

"ಬರ್ಲಿಕ್ಕೆ ಆಗುದಿಲ್ಲ ಸಾರ್. ಕಾಲು ಮುರಿದಿದೆ."

"ಹೇಗೆ?"

ಫ್ರೆಡ್ರಿಕ್ ಹೆಂಡತಿಯ ಮುಖ ನೋಡಿದ. ನೋವಿನ ಇಂಜೆಕ್ಷನ್ನಿಗೆ ತಲೆ ಮಂಕಾಗಿತ್ತು, ಕೂಡಿಟ್ಟ ಸುಳ್ಳುಗಳೆಲ್ಲ ಮುಗಿದಿದ್ದವು. ಮೂರು ವರ್ಷ ಸುಳ್ಳು ಹೇಳುತ್ತ ಬಂದಿದ್ದ ಮ್ಯಾನೇಜರಿಗೆ ಅವನು ಅಪ್ಪಟ ನಿಜ ಹೇಳಿದ.

"ಹಿಮದಲ್ಲಿ ಜಾರಿ ಬಿದ್ದೆ, ಸಾರ್."

ಪಾಯಸ್ ಫೋನು ಇಟ್ಟರು.