ಮುಗ್ಗಲು ಮನೆಗೆ ಬಂದ ಕಂಡಕ್ಟರಮ್ಮ

ನಮ್ಮ ಬೀದಿಯಲ್ಲಿ ಮನೆ ಖಾಲಿ ಬೀಳಬಹುದು, ಮಾತು ಖಾಲಿ ಬೀಳೋದಿಲ್ಲ. ನಂಜನಗೂಡಿನಲ್ಲಿ ಹೊಳೆಗೆ ಹತ್ತಿರದ ಬೀದಿ ನಮ್ಮದು. ನನ್ನ ಹಿತ್ತಲಿಗೆ ಬೆನ್ನು ಹಾಕಿಕೊಂಡು ಒಂದು ಹಳೇ ಹೆಂಚಿನ ಮನೆ ಇದೆ, ಬಾಡಿಗೆ ಮನೆ. ಅದರ ಯಜಮಾನರು ಇರೋದು ಟಿ. ನರಸೀಪುರದಲ್ಲಿ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಆ ಮನೆಗೆ ಯಾರು ಬಂದರು, ಯಾಕೆ ಹೋದರು ಅಂತ ಕೇಳಿ, ಮಗ್ಗಿ ಥರ ಒಪ್ಪಿಸ್ತೀನಿ. ಒಬ್ಬ ಮೇಷ್ಟರು ಮೂರು ತಿಂಗಳಿಗೆ ಬಿಟ್ಟರು. ಹೊಸದಾಗಿ ಮದುವೆಯಾದ ಜೋಡಿಯೊಂದು ಹದಿನೈದೇ ದಿನಕ್ಕೆ ಬಿಟ್ಟಿತು. ಹುಡುಗಿ ತವರಿಗೆ ಹೋದಳು, ಹುಡುಗ ಅವನಮ್ಮನ ಮನೆಗೆ ಹೋದ. ಮತ್ತೆ ಸೇರಿದರೋ ಇಲ್ಲವೋ, ಇನ್ನೂ ವಿಚಾರಿಸ್ತಾ ಇದ್ದೀನಿ.

ಎಲ್ಲಕ್ಕೂ ಕಾರಣ ಒಂದೇ, ಮುಗ್ಗಲು ವಾಸನೆ. ಅದಕ್ಕೆ ಜಗ್ಗದೆ ನಿಂತವಳು ಒಬ್ಬಳೇ. ನನ್ನ ಬಾಯಲ್ಲಿ ಯಾರ ಬಗ್ಗೆಯೂ ಒಳ್ಳೇ ಮಾತು ಸುಲಭಕ್ಕೆ ಹೊರಡೋದಿಲ್ಲ. ಇವಳ ಬಗ್ಗೆ ಹೊರಡುತ್ತೆ.

೧. ಬಚ್ಚಲಲ್ಲಿ ಊದುಬತ್ತಿ

ಅವಳು ಸರ್ಕಾರಿ ಬಸ್ಸಿನ ಕಂಡಕ್ಟರು. ನಂಜನಗೂಡಿಗೂ ನರಸೀಪುರಕ್ಕೂ ಓಡಾಡೋ ಬಸ್ಸು. ಗಂಡ ಲಾರಿ ಮೇಲೆ ಊರೂರು ತಿರುಗುತ್ತಾನೆ, ವಾರಕ್ಕೊಮ್ಮೆ ಮುಖ ತೋರಿಸ್ತಾನೆ. ಆರು ವರ್ಷದ ಒಬ್ಬಳೇ ಮಗಳು. ಆ ಮಗುವಿಗೆ ಸ್ವಲ್ಪ ಥಂಡಿ ತಾಕಿದರೂ ಎದೆ ಗೊರಗೊರ ಅನ್ನುತ್ತೆ.

ಯಜಮಾನರು ಮನೆ ತೋರಿಸೋ ದಿನ ಕೋಣೆಗೊಂದು ಕಟ್ಟು ಊದುಬತ್ತಿ ಹಚ್ಚಿಟ್ಟಿದ್ದರಂತೆ.

"ಬಚ್ಚಲಲ್ಲೂ ಯಾಕೆ ಸಾ ಊದುಬತ್ತಿ?" ಅಂತ ಇವಳು ಕೇಳಿದ್ದಾಳೆ.

"ನಮ್ಮದು ದೈವಭಕ್ತಿಯ ಮನೆ ಕಣಮ್ಮ," ಅಂದಿದ್ದಾರೆ ಯಜಮಾನರು.

ಒಪ್ಪಿಕೊಂಡು ಬಂದಳು. ಮೂರನೇ ದಿನ ಜಡಿಮಳೆ. ಭಕ್ತಿಯೆಲ್ಲಾ ಇಳಿದು ಮನೆಯ ನಿಜವಾದ ವಾಸನೆ ಮೇಲೆ ಬಂತು. ಗೋಡೆ ಗೂಟಕ್ಕೆ ನೇತುಹಾಕಿದ್ದ ಯೂನಿಫಾರಮ್ಮಿಗೂ ಹತ್ತಿತು. ಅದನ್ನೇ ತೊಟ್ಟು ಬಸ್ಸು ಹತ್ತಿದಳು. ಮುಂದಿನ ಸೀಟಿನ ಅಜ್ಜನೊಬ್ಬ ಮೂಗಿಗೆ ಟವಲ್ಲು ಹಿಡಿದು, "ಅವ್ವಾ, ಟಿಕೆಟ್ಟು ಆಮೇಕೆ ಕೊಡೀವಂತೆ. ಮೊದ್ಲು ಆ ಒದ್ದೆ ಗೋಣಿಚೀಲ ಯಾರ್ದು ಅಂತ ಕೇಳಿ ಕೆಳಕ್ಕಿಳ್ಸು," ಅಂದ.

ಇವಳು ಮುಖ ಸಣ್ಣ ಮಾಡಲಿಲ್ಲ. "ಅದನ್ನ ಇಳಿಸಿದ್ರೆ ಬಸ್ಸಿಗೆ ರೈಟ್ ಹೇಳೋರು ಯಾರೂ ಇರಲ್ಲ ಕಣಜ್ಜ," ಅಂದಳು.

೨. ನಾನು ಹೇಳಿಕೊಟ್ಟ ಸಾಂಬ್ರಾಣಿ

ಹೆಮ್ಮಿಗೆಯಿಂದ ಅವಳ ಅತ್ತೆ ಬಂದರು. ಮಗುವಿನ ಎದೆ ಅವತ್ತು ಕುಲುಮೆಯ ತಿದಿ ಥರ ಏದುತ್ತಾ ಇತ್ತು. ಅತ್ತೆ ಹೊಸಿಲಲ್ಲೇ ನಿಂತರು.

"ಇದೇನವ್ವ, ನೆಲದೊಳ್ಗಿನ ರಾಗಿ ಅಗೇವು ಬಾಯಿ ತೆಗ್ದಂಗೈತೆ. ಇದ್ರೊಳ್ಗೆ ಮಗೀನ ಮಲಗಿಸ್ತೀಯಾ? ನೋಡು, ಬರೋ ಉಣ್ಣಿಮೆಗೆ ದೇವಸ್ಥಾನಕ್ಕೆ ಬತ್ತೀನಿ. ಆಗ್ಲೂ ಇಂಗೇ ಇದ್ರೆ ಮೊಮ್ಮಗ್ಳುನ ಊರ್ಗೆ ಕರ್ಕೊಂಡೋಯ್ತೀನಿ. ನೀನು ನಿನ್ ಬಸ್ಸು ನೋಡ್ಕೊಂಡಿರು."

ಅತ್ತೆ ಹೋದ ಮೇಲೆ ಇವಳು ಹಿತ್ತಲ ಮೆಟ್ಟಿಲ ಮೇಲೆ ಮಗುವಿಗೆ ತಲೆ ಬಾಚುತ್ತಾ ಕೂತಿದ್ದಳು. ಒಂದೇ ಜಡೆಯನ್ನ ಮೂರು ಸಲ ಬಿಚ್ಚಿ ಹೆಣೆದಳು.

"ಅಜ್ಜಿ, ಇವಳನ್ನ ಬಿಟ್ಟು ನಾನಿರಲಾರೆ. ವಾಸನೆ ಹೋಗೋಕೆ ಏನಾದ್ರೂ ದಾರಿ ಹೇಳಿ," ಅಂದಳು.

ಹೇಳೋದರಲ್ಲಿ ನಾನು ಯಾವತ್ತು ಹಿಂದೆ ಬಿದ್ದಿದ್ದೀನಿ? "ಬಾಗಿಲು ಕಿಟಕಿ ಎಲ್ಲಾ ಭದ್ರ ಮಾಡಿ, ಕೋಣೆಗೊಂದು ಕೆಂಡದ ಬಾಂಡ್ಲಿ ಇಟ್ಟು, ಹಿಡಿ ಹಿಡಿ ಸಾಂಬ್ರಾಣಿ ಹಾಕು," ಅಂದೆ. ಹಾಕಿದಳು. ಮಗುವನ್ನ ನನ್ನ ಮನೇಲಿ ಕೂರಿಸಿದ್ದಳು. ಸ್ವಲ್ಪ ಹೊತ್ತಿಗೆ ಹೆಂಚಿನ ಸಂದಿಯಿಂದೆಲ್ಲಾ ಹೊಗೆ. ಬೀದಿಯವರು ಮನೆಗೆ ಬೆಂಕಿ ಬಿತ್ತು ಅಂತ ಕೊಡ ಹಿಡಿದು ಓಡಿ ಬಂದರು. ಇಬ್ಬರು ಗಂಡಸರು ಮಾಡು ಹತ್ತಿ, ಹೆಂಚು ಸರಿಸಿ, ಕೊಡಗಟ್ಟಲೆ ನೀರು ಸುರಿದರು. ಆ ಮನೇಲಿ ಒಣಗಿದ್ದ ಗೋಡೆ ಒಂದೇ ಒಂದಿತ್ತು, ಅದೂ ನೆಂದಿತು.

ಇವಳು ಒದ್ದೆ ಸೀರೆ ಹಿಂಡಿಕೊಳ್ಳುತ್ತಾ ನನ್ನ ಹತ್ತಿರ ಬಂದು, "ಅಜ್ಜಿ, ಇನ್ನೇನಾದ್ರೂ ದಾರಿ ಗೊತ್ತಿದ್ರೆ ನಿಮ್ಮ ಹತ್ರಾನೇ ಇಟ್ಕೊಂಡಿರಿ," ಅಂದಳು.

೩. ಹಾಸಿಗೆಗೆ ಲಗೇಜು ಟಿಕೆಟ್ಟು

ಆಮೇಲೆ ಅವಳು ಯಾರನ್ನೂ ಕೇಳಲಿಲ್ಲ. ವಾರದ ರಜೆ ದಿನ ಸೆರಗು ಸಿಕ್ಕಿಸಿ, ಏಣಿ ಇಟ್ಟು ಅಟ್ಟ ಹತ್ತಿದಳು. ಅಲ್ಲಿ ಯಜಮಾನರದೇ ಎರಡು ಹಳೇ ಹತ್ತಿ ಹಾಸಿಗೆ, ಸೋರಿದ ನೀರು ಕುಡಿದು ಎಮ್ಮೆಕರು ಥರ ಊದಿಕೊಂಡು ಬಿದ್ದಿದ್ದವು. ಫೋನು ಮಾಡಿದಳು.

"ಬಿಸಾಕಬೇಡ ಕಣಮ್ಮ, ನನ್ನ ಮದುವೆ ಹಾಸಿಗೆ ಅವು. ಅಲ್ಲೇ ಇರ್ಲಿ," ಅಂದರು ಯಜಮಾನರು.

ಮಾರನೇ ದಿನ ಹಾಸಿಗೆ ಸುತ್ತಿ, ಹಗ್ಗ ಬಿಗಿದು, ತನ್ನ ಬಸ್ಸಿಗೇ ಹಾಕಿಕೊಂಡಳು. ಕಂಡಕ್ಟರು ಅಂತ ಪುಕ್ಕಟೆ ಸಾಗಿಸಲಿಲ್ಲ. ಕೈಯಿಂದ ದುಡ್ಡು ಹಾಕಿ ಲಗೇಜು ಟಿಕೆಟ್ಟು ಹರಿದು ಹಗ್ಗಕ್ಕೆ ಸಿಕ್ಕಿಸಿದಳು. ನರಸೀಪುರ ಮುಟ್ಟೋವರೆಗೂ ಹಿಂದಿನ ಮೂರು ಸಾಲು ಸೀಟು ಖಾಲಿ, ಜನ ಮುಂದೆ ಒಬ್ಬರ ಮೇಲೊಬ್ಬರು. ಊಟದ ಬಿಡುವಿನಲ್ಲಿ ಆಟೋ ಮಾಡಿ ಯಜಮಾನರ ಜಗಲಿ ಮೇಲೆ ಇಳಿಸಿದಳು.

ಯಜಮಾನರು ಹೌಹಾರಿದರು. "ಇದ್ಯಾಕಮ್ಮ ಇಲ್ಲಿಗೆ ತಂದೆ? ಮನೆಯೆಲ್ಲಾ ನಾರುತ್ತೆ."

"ನಿಮ್ಮ ಮದುವೆ ಹಾಸಿಗೆ ಸಾ. ನಿಮಗೇ ನಾರುತ್ತೆ ಅಂದ್ರೆ, ಮದುವೇಗೆ ಬರದೇ ಇದ್ದ ನಮಗೆ ಹೇಗಿರಬೇಕು ಹೇಳಿ."

ಒಳಗಿಂದ ಬಂದ ಯಜಮಾನರ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕು, ಅವಳನ್ನ ಕೂರಿಸಿ ಊಟ ಹಾಕಿ ಕಳಿಸಿದರು.

೪. ಹಿತ್ತಲ ಕಿಟಕಿ

ಇಷ್ಟಕ್ಕೆ ಬಿಡಲಿಲ್ಲ ಅವಳು. ಹೆಂಚು ಕೈಯಾಡಿಸಿದಳು, ಗೋಡೆ ಕೆರೆದು ಸುಣ್ಣ ಹೊಡೆದಳು, ಮೂಲೆ ಮೂಲೆಗೆ ಇದ್ದಿಲ ಬುಟ್ಟಿ ಇಟ್ಟಳು. ಮುಕ್ಕಾಲು ವಾಸನೆ ಹೋಯಿತು. ಕಾಲು ಭಾಗ ಮಾತ್ರ ಮಗು ಮಲಗೋ ಹಿಂದಿನ ಕೋಣೇಲೇ ಪಟ್ಟು ಹಿಡಿದು ಕೂತಿತು. ಅಲ್ಲಿಗೆ ಗಾಳಿಯೇ ಇಲ್ಲ. ಗೋಡೆ ಕೆರೆಯುವಾಗ ಒಂದು ಕಡೆ ಚೌಕಟ್ಟಿನ ಗುರುತು ಸಿಕ್ಕಿತು. ಅಲ್ಲಿದ್ದ ಕಿಟಕಿಗೆ ಎಂದೋ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಯಾಕೆ ಅಂತ ನನಗೂ ಗೊತ್ತಿರಲಿಲ್ಲ. ಹುಣ್ಣಿಮೆಗೆ ನಾಲ್ಕು ದಿನ ಉಳಿದಿತ್ತು.

ಯಜಮಾನರಿಗೆ ಫೋನು ಮಾಡಿದರೆ, "ಅದು ವಾಸ್ತು ಕಣಮ್ಮ. ತೆಗೆದ್ರೆ ಮನೆ ಯಜಮಾನನಿಗೆ ಕೇಡು," ಅಂದರು. ಇವಳು ಅವರ ಹೆಂಡತಿಗೆ ಮಾಡಿದಳು. ಆಯಮ್ಮ, "ವಾಸ್ತು ಅಂದ್ರಾ? ಹುಣ್ಣಿಮೆ ದಿನ ಇಬ್ಬರೂ ಬರ್ತೀವಿ," ಅಂದರಂತೆ.

ಬಂದರು. ಹೆಮ್ಮಿಗೆ ಅತ್ತೆಯೂ ಅದೇ ಬಸ್ಸಿಗೆ ಬಂದಿಳಿದು, ಮಗುವಿನ ಬಟ್ಟೆ ಗಂಟು ಕಟ್ಟಿಸೋಕೆ ಶುರು ಮಾಡಿದರು. ರಜೆ ಹಾಕಿದ್ದ ಕಂಡಕ್ಟರಮ್ಮ ಹಾರೆ ಹಿಡಿದು ನಿಂತಿದ್ದಳು. ನಾನು ನನ್ನ ಹಿತ್ತಲಲ್ಲಿ ಮೆಣಸಿನಕಾಯಿ ಒಣಗಹಾಕ್ತಿದ್ದೆ. ಬಿಸಿಲು ಎರಡು ಹಿತ್ತಲ ನಡುವಿನ ಮೋಟುಗೋಡೆ ಪಕ್ಕವೇ ಚೆನ್ನಾಗಿತ್ತು, ನಾನೇನು ಮಾಡಲಿ? ಅವರ ಹಿತ್ತಲ ಬಾಗಿಲು ತೆರೆದೇ ಇತ್ತು.

ಯಜಮಾನರ ಹೆಂಡತಿ ಹೇಳಿದರು: "ಯಾವ ವಾಸ್ತುವೂ ಇಲ್ಲ. ಮುಚ್ಚಿಸಿದವಳು ನಾನು. ಮದುವೆಯಾದ ಹೊಸದರಲ್ಲಿ ಇವರು ಹಲ್ಲುಜ್ಜೋದು ಈ ಕಿಟಕೀಲೇ. ಆ ಕಡೆ ಹಿತ್ತಲಲ್ಲಿ ಒಬ್ಬಳು ಪಾತ್ರೆ ಬೆಳಗೋಳು. ಅವಳ ಪಾತ್ರೆ ಮುಗಿಯೋವರೆಗೂ ಇವರ ಹಲ್ಲು ಮುಗೀತಿರಲಿಲ್ಲ."

ನನ್ನ ಕೈಯಿಂದ ಮೊರ ಜಾರಿತು. ಆ ಹಿತ್ತಲು ನನ್ನದು, ಪಾತ್ರೆ ಬೆಳಗಿದ್ದೂ ನಾನೇ. ಬೀದಿಯ ರಂಪವೆಲ್ಲಾ ಹೆಕ್ಕಿ ತೆಗೆದವಳಿಗೆ ನನ್ನದೇ ಒಂದು ಇದ್ದದ್ದು ಗೊತ್ತಾಗಲಿಲ್ಲವಲ್ಲ.

ಆಯಮ್ಮ ಹಿತ್ತಲ ಬಾಗಿಲಿಗೆ ಬಂದು, ಮೋಟುಗೋಡೆ ಮೇಲಿಂದ ನನ್ನನ್ನ ಅಡಿಯಿಂದ ಮುಡಿವರೆಗೆ ನೋಡಿದರು. ನೋಡಿ ಒಳಕ್ಕೆ ತಿರುಗಿ, "ಒಡೀರಿ. ಇನ್ನೇನೂ ಭಯ ಇಲ್ಲ," ಅಂದರು.

ಕಂಡಕ್ಟರಮ್ಮ ಹಾರೆಯನ್ನ ಯಜಮಾನರ ಕೈಗೇ ಕೊಟ್ಟಳು. ಇಟ್ಟಿಗೆ ಬಿದ್ದ ಹಾಗೆ ಗಾಳಿ ಬಂತು, ಬಿಸಿಲು ಬಂತು. ಅತ್ತೆ ಎಂಟು ದಿನ ಉಳಿದು ಪರೀಕ್ಷೆ ಮಾಡಿದರು. ಮಗುವಿನ ಎದೆಯ ಗೊರಗೊರ ನಿಂತಿತು. "ಮನೆ ಯಜಮಾನನ ಕೈಲೇ ಗ್ವಾಡೆ ಒಡ್ಸಿದೋಳು ಮಗೀನ ಸಾಕಲ್ವಾ? ಇಲ್ಲೇ ಇರ್ಲಿ," ಅಂತ ಗಂಟು ಬಿಚ್ಚಿಸಿ ಒಬ್ಬರೇ ಊರಿಗೆ ಹೋದರು. ಅಂಥ ಅತ್ತೆ ಬಾಯಲ್ಲಿ ಅಂಥ ಮಾತು ಹೊರಡಿಸಿದವಳು ಈ ತಾಲ್ಲೂಕಿನಲ್ಲಿ ಇನ್ನೊಬ್ಬಳಿಲ್ಲ.

ಆದರೆ ಗೋಡೆ ಒಡೆದ ಗಳಿಗೆಯದು ಇನ್ನೊಂದು ಮಾತಿದೆ. ಮೊದಲ ಇಟ್ಟಿಗೆ ಬಿದ್ದಾಗ ನಾನು ಅಲ್ಲೇ ನಿಂತಿದ್ದೆ. ಕೈ ತಾನಾಗೇ ಹೋಗಿ ಮುಂಗೂದಲು ಸರಿ ಮಾಡಿಬಿಟ್ಟಿತು. ಯಜಮಾನರು ಆ ಕಿಂಡಿಯಿಂದ ಮುಖ ಹಾಕಿ ಒಂದು ಗಳಿಗೆ ನೋಡಿದರು. ಹಿಂದೆ ಹೆಂಡತಿ ಇದ್ದಾರೆಯೇ ಅಂತ ತಿರುಗಿ ನೋಡಿಕೊಂಡು, ದನಿ ತಗ್ಗಿಸಿ ನನ್ನನ್ನೇ ಕೇಳಿದರು:

"ಅಜ್ಜಿ, ನೀವಿರೋ ಮನೇಲಿ ಮುಂಚೆ ಪಾತ್ರೆ ಬೆಳಗೋರು ಒಬ್ಬರು ಇದ್ದರಲ್ಲ, ಅವರು ಖಾಲಿ ಮಾಡ್ಕೊಂಡು ಎಲ್ಲಿಗೆ ಹೋದ್ರು?"